ಎರಡು ಬೆರಳು ಜಾಗ

ಜೆ.ಸಿ. ರಸ್ತೆಯ ಹಿಂದಿನ ಓಣಿ, ಬೆಳಿಗ್ಗೆ ಹನ್ನೊಂದು.
ದಸ್ತಗೀರ್ ಸಾಹೇಬರು ಮುಂಚಕ್ರದ ಮೇಲಿನ ತಗಡಿಗೆ
ಎರಡೂ ಅಂಗೈ ಊರಿ, ಮೈಭಾರ ಬಿಟ್ಟು, ಥಟ್ಟನೆ ಕೈ ತೆಗೆದರು.
ಕಾರು ಎದ್ದಿತು, ಕೂತಿತು, ಎದ್ದಿತು,
ಇನ್ನೊಮ್ಮೆ ಕೂತು ತಲೆಯಾಡಿಸಿತು.
"ಒಂದ್ಸಲ ಎದ್ದು ಸುಮ್ನಾಗ್ಬೇಕಮ್ಮ.
ಇದು ಮುಗಿದ ಜಗಳಾನ ಮತ್ತೆ ಮತ್ತೆ ಎತ್ತುತಾ ಇದೆ."

ಎರಡೇ ಬಾಗಿಲು, ಎರಡೇ ಸೀಟು, ನನಗಿಂತ ಹದಿನೆಂಟು ವರ್ಷ ಚಿಕ್ಕದು.
ಒಂದು ಕಾಲಕ್ಕೆ ಕೆಂಪು; ಈಗ ಹರವಿಯ ಬಣ್ಣ.
ಸ್ಪ್ರಿಂಗು ಕತ್ತರಿಸಿದವಳು ನಾನೇ.
ಇಪ್ಪತ್ತಾರು ವಯಸ್ಸು, ವಿಲ್ಸನ್ ಗಾರ್ಡನ್ನಿನ ಬಾಡಿಗೆ ಮನೆ,
ಹ್ಯಾಕ್ಸಾ ಬ್ಲೇಡು ಏಳು ಮುರಿದವು.
ಒಂದೂವರೆ ಸುತ್ತು ಕಬ್ಬಿಣ ಕಳಚಿ
ಟಣ್ ಅಂತ ಚಪ್ಪಡಿಯ ಮೇಲೆ ಬಿದ್ದಾಗ
ಮಾಲೀಕರ ಹೆಂಡತಿ ಕಿಟಕಿ ಮುಚ್ಚಿಕೊಂಡರು.
ಆಗ ನೆಲಕ್ಕೆ ಹತ್ತಿರವಾದಷ್ಟೂ ವೇಗ ಅಂತ ನಂಬಿಕೆ.
ಆಗ ಹೆಬ್ಬಾಳದಾಚೆ ರಸ್ತೆ ಖಾಲಿ.
ಬೆನ್ನು ಅಂತ ಒಂದಿದೆ ಅನ್ನುವುದೇ ಗೊತ್ತಿರಲಿಲ್ಲ.

ಕೌಂಟರಿನ ಮೇಲೆ ಈಗ ಮೂರು ಜೊತೆ ಶಾಕು.
ಒಂದು ಕಂಪನಿ ಅಳತೆಯದು, ಎಣ್ಣೆಯದು, ಅಗ್ಗ,
ಕೊರಳು ಉದ್ದ. "ನಿಮ್ಮ ಕುಳ್ಳ ಸ್ಪ್ರಿಂಗಿಗೆ ಇದು ಹಾಕಿದ್ರೆ
ಮೊದಲೇ ಅರ್ಧ ಮುಳುಗಿ ಕೂತಿರ್ತದೆ.
ಹಂಪ್ ಬಂದ್ರೆ ಇನ್ನೆಲ್ಲಿಗೆ ಹೋಗ್ತದೆ? ರಬ್ಬರಿಗೆ ಗುದ್ದುತದೆ.
ಆರು ತಿಂಗಳಿಗೆ ಸೀಲು ಅಳೋಕೆ ಶುರು."
ಇನ್ನೊಂದು ಹಳದಿ, ಗ್ಯಾಸಿನದು, ಗಿಡ್ಡ ಮೈ;
ಒತ್ತಿ ಬಿಟ್ಟರೆ ಯಾರ ಹಂಗೂ ಇಲ್ಲದ ಹಾಗೆ
ತಾನೇ ಮೆಲ್ಲಗೆ ಮೇಲೇಳುತ್ತದೆ. ಟ್ರ್ಯಾಕಿಗೆ ಹುಟ್ಟಿದ್ದು.
ಮೂರನೆಯದರ ನೆತ್ತಿಯಲ್ಲೊಂದು ತಿರುಪು:
ಗಟ್ಟಿ ಬೇಕೆಂದರೆ ಗಟ್ಟಿ, ಮೆತ್ತಗೆಂದರೆ ಮೆತ್ತಗೆ.
ಬೆಲೆ ಕೇಳಿ ನಾನು ಬೀದಿ ನೋಡಿದೆ.
"ನಾಲ್ಕನೇದೂ ಇದೆ," ಅಂದ ಹುಡುಗ ವಡಿವೇಲು,
"ಹಳೇದನ್ನೇ ಬಿಚ್ಚಿ, ಎಣ್ಣೆ ತುಂಬಿ, ಬಣ್ಣ ಹೊಡೆದು..."
ಸಾಹೇಬರು ನೋಡಿದ ನೋಟಕ್ಕೆ ಟೀ ತರಲು ಹೋದ.

ಪರ್ಸು ತಡಕುವಾಗ ಬ್ಯಾಗಿನಿಂದ ಎಕ್ಸ್‌ರೇ ಜಾರಿತು.
ಕೇಳದೆಯೇ ಎತ್ತಿ ಟ್ಯೂಬ್‌ಲೈಟಿಗೆ ಹಿಡಿದರು,
ಸೊಂಟದ ಎರಡು ಮಣಿಗಳ ನಡುವೆ ಕರಿಬೆರಳಿಟ್ಟರು:
"ಇಲ್ಲಿ ರಬ್ಬರು ಹೋಗಿದೆ."
ಇದನ್ನೇ ಇಂಗ್ಲಿಷಿನಲ್ಲಿ ಹೇಳಲು ಡಾಕ್ಟರು
ಒಂಬೈನೂರು ತೆಗೆದುಕೊಂಡಿದ್ದರು.

"ಎತ್ತರ ಮಾಡಿಸ್ಬಿಡಿ. ಕಂಪನಿ ಸ್ಪ್ರಿಂಗು, ಕಂಪನಿ ಶಾಕು.
ಮರ್ಯಾದೆಯಾಗಿ ಓಡ್ತದೆ."

ಮರ್ಯಾದೆ! ಆ ಮಾತಿಗೆ
ಇಪ್ಪತ್ತಾರರ ಅವಳು ಕಾರಿನಡಿಯಿಂದ ತಲೆ ಹೊರಹಾಕಿದಳು,
ಕೆನ್ನೆಗೆ ಗ್ರೀಸು, ಹಲ್ಲಲ್ಲಿ ನಟ್ಟು.
ನಾನು ಅವಳ ಪರ ಇಲ್ಲ. ಅವಳಿಗೆ ಬುದ್ಧಿ ಇರಲಿಲ್ಲ.
ಆದರೂ ಅವಳನ್ನು ಕೇಳದೆ ಹೂಂ ಅನ್ನಲು ಬಾಯಿ ಬರಲಿಲ್ಲ.

"ಕೊಯ್ದ ಸ್ಪ್ರಿಂಗು ಬಿಸಾಕಿ. ಗಿಡ್ಡದ್ದೇ, ಅಳತೆ ಇಟ್ಟು ಮಾಡಿದ್ದು ಹಾಕಿ.
ತಿರುಪಿನ ಶಾಕು.
ಟೈರಿಗೂ ತಗಡಿಗೂ ನಡುವೆ ಎರಡು ಬೆರಳು ಜಾಗ."
"ಯಾರ ಬೆರಳು?" ಎಂದು ತಮ್ಮವನ್ನು ಚಾಚಿದರು,
ಬಾಳೆಕಾಯಿಯಂಥವು.
"ನನ್ನವು," ಎಂದೆ.

ಮೂರು ದಿನವಾಯಿತು. ಮುಂಗಡಕ್ಕೆ ಒಂದು ಬಳೆ ಹೋಯಿತು,
ಅದರ ಮಾತು ಬೇಡ.
ಲಾಲ್‌ಬಾಗಿನ ಗೋಡೆಗುಂಟ, ಸೌತ್ ಎಂಡಿನ ಗುಂಡಿಗಳ ಮೇಲೆ
ಕಾರು ಪ್ರತಿ ಪೆಟ್ಟನ್ನೂ ಒಮ್ಮೆ ಕೇಳಿಸಿಕೊಂಡು
ಅಲ್ಲೇ ಬಿಟ್ಟು ಬಂತು.

ನಮ್ಮ ಮನೆ ಮುಂದೊಂದು ಹಂಪ್ ಇದೆ.
ಬಿಳಿ ಪಟ್ಟೆಯಿಲ್ಲ, ಆನೆ ಮಲಗಿದಷ್ಟು ದಪ್ಪ.
ಎರಡು ವರ್ಷದ ಕೆಳಗೆ ಅದಕ್ಕೆ ಕೊಟ್ಟ ಅರ್ಜಿಯಲ್ಲಿ
'ಈ ಬೀದಿಯಲ್ಲಿ ಅತಿ ವೇಗ' ಎಂಬ ಸಾಲು ನಾನೇ ಬರೆದದ್ದು,
ಮೊದಲ ಸಹಿಯೂ ನನ್ನದೇ.
ಓರೆಯಾಗಿ ಹತ್ತಿಸಿದೆ, ಒಂದೊಂದೇ ಚಕ್ರ,
ಮದುವೆ ಮನೆಯ ಹೊಸಿಲು ದಾಟಿಸುವ ಹಾಗೆ.
ಮೂರು ದಾಟಿತು. ನಾಲ್ಕನೆಯದಕ್ಕೆ
ಹೊಟ್ಟೆ ತುಸು ಸವರಿ ಸರ್ರೆಂದಿತು.
ಎದುರುಮನೆಯ ಪಾರ್ಥಸಾರಥಿಯವರು ಪೇಪರು ಇಳಿಸಿ ನೋಡಿದರು.
ನಾನು ಹಾರ್ನು ಸರಿಮಾಡುವವಳಂತೆ ಕೂತೆ.

ತಿರುಪಿನ ಕೀಲಿ ಡ್ಯಾಶಿನೊಳಗಿದೆ.
ಭಾನುವಾರ ಬೆಳಿಗ್ಗೆ ಐದಕ್ಕೆ ನೈಸ್ ರಸ್ತೆ ಖಾಲಿ ಇರುತ್ತದಂತೆ.
ಅರ್ಧ ಸುತ್ತು, ಅಷ್ಟೇ.