ತೂತಿಲ್ಲದ್ದು

ಐದು ದಿನಕ್ಕೊಮ್ಮೆ ನಳ ಬರುವ ನಮ್ಮ ಓಣಿಯಲ್ಲಿ
ಸಾನುಮೈಯಾ ಸಂಪಿನ ನೀರೆಲ್ಲ ಖಾಲಿ ಮಾಡಿ
ಒಳಗಿಳಿದಿದ್ದಳು. ಸಲ್ವಾರು ಮೊಣಕಾಲಿಗೆ ಮಡಚಿ
ತೆಂಗಿನ ನಾರಿನಲ್ಲಿ ಪಾಚಿ ಕೆರೆಯುತ್ತ,
ಹಾಡಿಕೊಳ್ಳುತ್ತ ಬೇರೆ.

ಬೈದೆ. ರಾಯಚೂರಿನ ಬಿಸಿಲಿನಷ್ಟೇ ಬೈದೆ.
"ನೀರೇನು ನಿಮ್ಮಪ್ಪ ಕಠ್ಮಂಡುದಿಂದ ಕಳಸ್ತಾನೇನ?"
ತಲೆ ಎತ್ತಿದಳು, ಮೂಗಿನ ಮೇಲೆ ರಾಡಿ.
"ದಿದಿ, ನಮ್ ಕಡೆ ಇವತ್ತು ಬಾವಿ ತೊಳೆಯೋ ದಿನ.
ಮಳೆ ಬರೋ ಮುಂಚೆ.
ತೊಳೆದು, ವಃ ತಿನ್ನಬೇಕು."
ವಃ?
ವಃ.
ಹೊರೆ ಇಳಿಸಿ ಬಿಟ್ಟ ಉಸಿರಿನ ಹಾಗಿತ್ತು,
ತಿನ್ನುವುದರ ಹೆಸರಿನ ಹಾಗಿರಲಿಲ್ಲ.

ಉಳಿದದ್ದು ಅಡುಗೆಮನೆಯ ಎರಡು ಕೊಡ.
ರಾತ್ರಿ ನೆನೆಸಿದ ಸಿಪ್ಪೆ ಉದ್ದನ್ನು ಅಂಗೈಯಲ್ಲಿ ತಿಕ್ಕಿದಳು,
ಕರಿ ಸಿಪ್ಪೆ ತೇಲಿತು, ಇರುವೆ ಗೂಡಿಗೆ ನೀರು ನುಗ್ಗಿದಂತೆ.
ನನ್ನ ಮುಖ ನೋಡಿ, ತೊಳೆದ ನೀರನ್ನು ಚೆಲ್ಲದೆ
ಕರಿಬೇವಿನ ಬುಡಕ್ಕೆ ಹಾಕಿದಳು.

ಮಿಕ್ಸಿ ಕೊಟ್ಟೆ, ಬೇಡವೆಂದಳು.
ಅತ್ತೆಯ ಕಾಲದ ಒಳ್ಳು ಹಿತ್ತಲಲ್ಲಿ ಬೋರಲು ಬಿದ್ದಿತ್ತು.
ಇಬ್ಬರೂ ಸೇರಿ ಮಗುಚಿದೆವು; ಅಡಿಯಿಂದ ಒಂದು ಜರಿ
ಅವಸರದಲ್ಲಿ ಮನೆ ಬದಲಿಸಿತು.
ಶುಂಠಿ, ಇಂಗು, ಜೀರಿಗೆ, ಉಪ್ಪು. ಅಷ್ಟೇ.
"ಹಿಟ್ಟು ಹುಳಿ ಬರಲಿ, ಸಂಜಿಗೆ ಮಾಡೂಣು" ಅಂದೆ.
"ಹುಳಿ ಬಂದರೆ ಅದು ನಿಮ್ಮದು, ದಿದಿ.
ನಮ್ಮದು ಈಗಲೇ."

ಹಂಚಿನ ಮೇಲೆ ಗಟ್ಟಿ ಹಿಟ್ಟಿಟ್ಟು ಒದ್ದೆ ಬೆರಳಿಂದ ತಟ್ಟಿದಳು,
ಕೂಸಿನ ಬೆನ್ನು ತಟ್ಟುವ ಹಾಗೆ, ತೇಗು ಬರುವ ತನಕ.
ಸುತ್ತ ಎಣ್ಣೆ ಬಿಟ್ಟಳು. ಒಂದರ ನೆತ್ತಿಗೆ ಮೊಟ್ಟೆ ಒಡೆದಳು.
ನಾನು ತಿನ್ನುವುದಿಲ್ಲವೆಂದು ನೆನಪಾಗಿ
ಅದನ್ನು ಬೇರೆ ತಾಟಿನಲ್ಲಿ ಮುಚ್ಚಿಟ್ಟಳು, ರತ್ನಕಾಜಿಗೆ.

ರತ್ನಕಾಜಿ, ತೀನ್ ಕಂದೀಲ್ ಹತ್ತಿರದ ಮೋಮೋ ಬಂಡಿಯವನು,
ಮೂರು ರಾತ್ರಿಯಿಂದ ಮನೆಗೆ ಬಂದಿರಲಿಲ್ಲ.

ಹೋದ ವಾರ ಅವಳು ಬಾಗಿಲಿಗೆ ಬಂದು ನಿಂತಾಗ
ಯಾರದೋ ಜಂಪರಿಗೆ ಹುಕ್ಕು ಹಚ್ಚುತ್ತಿದ್ದೆ.
ದಾರ ಹಲ್ಲಲ್ಲಿ ಕಡಿದು, ತಲೆ ಎತ್ತದೆ
ಗಾದೆ ಹೇಳಿ ಕಳಿಸಿದ್ದೆ:
"ಎಲ್ಲಾರ ಮನಿ ದ್ವಾಸಿನೂ ತೂತ, ತಗೊ."
ಅರ್ಥ ಕೇಳಿದಳು. ಹೇಳಿದೆ.
ಹೂಂ ಅಂದು ಹೋಗಿದ್ದಳು.

ಈಗ ಬಿಸಿ ವಃ ಒಂದನ್ನು ಬೆರಳ ತುದಿಯಲ್ಲಿ ಹಿಡಿದು,
ಸುಟ್ಟಿತೆಂದು ಈ ಕೈಗೆ ಆ ಕೈಗೆ ಹಾರಿಸಿ,
ಕಿಟಕಿಯ ಬೆಳಕಿಗೆ ಎತ್ತಿದಳು.
"ದಿದಿ, ನೋಡು. ತೂತಿಲ್ಲ."

ಚೇಷ್ಟೆಯೋ, ಉತ್ತರವೋ. ಮುರಿದೆ.
ಅಂಚು ಗರಿಗರಿ, ಒಳಗೆ ಬಿಳಿ ಮೆತ್ತನೆ,
ಶುಂಠಿಯ ಖಾರ ತಡವಾಗಿ, ಗಂಟಲಲ್ಲಿ.
ನೀರು ಕುಡಿಯೋಣವೆಂದರೆ ಕೊಡ ತಳ ಕಂಡಿತ್ತು.

ಮಷೀನಿಗೆ ಬಟ್ಟೆ ಹೊದಿಸಿ ಬಂದೆ,
ಅವಳ ಪಕ್ಕ ನೆಲಕ್ಕೆ ಕೂತೆ.
"ಅವತ್ತು ಏನೋ ಹೇಳಾಕ ಬಂದಿದ್ದಿ," ಅಂದೆ, "ಹೇಳು."

ಅವಳು ಹಂಚಿನ ಮೇಲಿನದನ್ನು ತಿರುವಿಹಾಕಿದಳು.
ಹೊರಗೆ ತೊಳೆದ ಸಂಪು ಬಾಯಿ ತೆರೆದು ಒಣಗುತ್ತಿತ್ತು,
ನಳಕ್ಕೆ ಇನ್ನೂ ಎರಡು ದಿನ.
ಬೋಗುಣಿಯಲ್ಲಿ ಹಿಟ್ಟು ಅರ್ಧಕ್ಕಿಂತ ಜಾಸ್ತಿಯೇ ಇತ್ತು.