ಬಾಗುವ ಮುನ್ನ

ಕುತಾಯಿಸಿಯಲ್ಲಿ ಬೆಳಗಿನ ನಾಲ್ಕು.
ನುಗ್ಜಾರ್ ಏಳುವುದಿಲ್ಲ, ಮೊದಲು ಹೊರಳುತ್ತಾನೆ
ಎಡಕ್ಕೆ, ಮೊಣಕಾಲು ಮಡಿಸಿ, ಕೈಯೂರಿ,
ಅಂಚಿನವರೆಗೆ ತುಂಬಿದ ಪಾತ್ರೆಯಂತೆ
ತನ್ನನ್ನೇ ತುಳುಕಿಸದೆ ಎತ್ತಿ ಇಡುತ್ತಾನೆ.

ಇಪ್ಪತ್ತಾರು ವರ್ಷ
ಬಾವಿಯಂಥ ಮಣ್ಣೊಲೆಯೊಳಗೆ ಅರ್ಧ ಮೈ ಇಳಿಸಿ
ಕಾದ ಗೋಡೆಗೆ ರೊಟ್ಟಿ ಬಡಿದವನು.
ಕಾವು ಮುಖಕ್ಕೆ, ಲೆಕ್ಕ ಸೊಂಟಕ್ಕೆ.

ಡಾಕ್ಟರು ಚಿತ್ರ ತೋರಿಸಿದ್ದರು:
ನಾಲ್ಕನೆಯ ಮೂಳೆ, ಐದನೆಯದು, ನಡುವೆ ಸವೆದ ಬಿಲ್ಲೆ.
'ಬೇರೆ ಕೆಲಸ ನೋಡಿ.'
ಅವನು ಕಿಟಕಿ ನೋಡಿದ.

ಸಿಯಾಲಾ ದಿನಾ ಅವನಿಗೆ ಟೊಂಕ ಕಟ್ಟುತ್ತಾಳೆ,
ಮಾತಿಗಲ್ಲ, ನಿಜಕ್ಕೂ:
ಕುರಿಯುಣ್ಣೆಯ ಪಟ್ಟಿ, ಮೂರು ಸುತ್ತು.
ಸಾಕಾ?
ಇನ್ನೊಂಚೂರು.

ಒಲೆಯ ಪಕ್ಕ ಬೋರಲಿಟ್ಟ ದ್ರಾಕ್ಷಿಪೆಟ್ಟಿಗೆ,
ಅದರ ಮೇಲೆ ಒಂದು ಕಾಲು.
ಹತ್ತು ರೊಟ್ಟಿಗೊಮ್ಮೆ ಬಾಗಿಲ ಚೌಕಟ್ಟು ಹಿಡಿದು
ನೆಟ್ಟಗಾಗುತ್ತಾನೆ. ಸಾಲಿನಲ್ಲಿರುವವರು
ಆಗ ಹವಾಮಾನದ ಮಾತೆತ್ತುತ್ತಾರೆ.

ಕೆಲಸ ಕಲಿಯಲು ಬಂದ ತೋರ್ನಿಕೆಗೆ ಹೇಳುತ್ತಾನೆ,
'ಸೊಂಟದಿಂದಲ್ಲ, ಮೊಣಕಾಲಿನಿಂದ.'
ಹುಡುಗ ನಕ್ಕು ಸೊಂಟದಿಂದಲೇ ಧುಮುಕುತ್ತಾನೆ.
ಹತ್ತೊಂಬತ್ತರ ಬೆನ್ನು,
ಈಗಷ್ಟೇ ನಾದಿದ ಹಿಟ್ಟು,
ಎತ್ತ ಎಳೆದರೂ ಬರುತ್ತದೆ.

ನುಗ್ಜಾರ್ ಬೈಯಲಿಲ್ಲ.
ಪೆಟ್ಟಿಗೆಯನ್ನು ಕಾಲಿನಿಂದ
ಮೆಲ್ಲಗೆ ಅವನತ್ತ ತಳ್ಳಿದ.