ನಲವತ್ತಮೂರನೇ ಚೀಟಿ

ನನ್ನ ಅಂಗಡಿಗೆ ಬಾಗಿಲಿಲ್ಲ, ತಗಡು ಕೊರೆದ ಕಿಟಕಿಯೊಂದೇ.
ಒಂದು ಫೋನು ಚಾರ್ಜು ಮಾಡಲು ದಿನಕ್ಕೆ ಇಪ್ಪತ್ತು ಶಿಲ್ಲಿಂಗ್.
ರಟ್ಟಿನ ಚೀಟಿ ಹರಿದು ಅರ್ಧ ಫೋನಿಗೆ ಕಟ್ಟುತ್ತೇನೆ,
ಅರ್ಧ ಅವರವರ ಕೈಗೆ.
ಕಿಸುಮುವಿನ ಸರೋವರದಿಂದ ಗಾಳಿ ಎದ್ದರೆ
ಚೀಟಿಗಳೆಲ್ಲ ಒಣಹಾಕಿದ ಒಮೆನಾ ಮೀನಿನಂತೆ
ಸಣ್ಣಗೆ ಸದ್ದು ಮಾಡುತ್ತವೆ.

ಮೊದಲೆಲ್ಲ ರಾಜಕೀಯ ಬರುತ್ತಿದ್ದದ್ದು ಪಿಕಪ್ ಗಾಡಿಯಲ್ಲಿ:
ಎರಡು ಧ್ವನಿವರ್ಧಕ, ಎರಡೆರಡು ಕಿಲೋ ಜೋಳದ ಹಿಟ್ಟು,
ನಗುವ ಮುಖ ಅಚ್ಚಾದ ಸೊಂಟದ ಬಟ್ಟೆ.
ಆ ಮುಖ ಉಟ್ಟುಕೊಂಡೇ ನಾನು ಮಗಳ ಬಾಣಂತನ ಮಾಡಿದೆ,
ಅದೇ ಮುಖದಲ್ಲಿ ಕೂಸಿನ ಮೂಗು ಒರೆಸಿದೆ.
ಐದು ವರ್ಷಕ್ಕೆ ಮಾಸಿತು, ಹೊಸ ಮುಖ ಬಂತು.
ಈಗ ಅದು ಈ ತಂತಿಗಳಲ್ಲೇ ಎಲ್ಲೋ ಬರುತ್ತದೆ,
ಸದ್ದಿಲ್ಲ, ಹಿಟ್ಟೂ ಇಲ್ಲ.

ಮೀನು ಒಣಗಿಸುವ ನೆಲಕ್ಕೆ ಸುಂಕ ಅಂದರು, ಮಾರಿಗಿಷ್ಟು.
ಹೆಂಗಸರು ಎರಡು ಸಲ ಅರ್ಜಿ ಬರೆಸಿದರು.
ಎರಡನೆಯದು ಕಡಲೆಕಾಯಿ ಪೊಟ್ಟಣವಾಗಿ
ಸಂತೆಯಲ್ಲಿ ನಮ್ಮ ಕೈಗೇ ಸಿಕ್ಕಿತು.

ಆಗ ಒಡೆರೊ, ಬೋಡಾ ಬೈಕು ಓಡಿಸುವ ಹುಡುಗ,
ಆಗಷ್ಟೇ ಚಿಗುರಿದ ಮೀಸೆ,
ಮುದುಕಿ ನ್ಯಾಬೆರಾಳ ಕೈಗೆ ತಕ್ಕಡಿ ಕೊಟ್ಟು ಒಂದು ವಿಡಿಯೊ ಮಾಡಿದ.
ಒಂದು ತಟ್ಟೆಯಲ್ಲಿ ದಿನದ ಮೀನು,
ಇನ್ನೊಂದರಲ್ಲಿ ಸುಂಕದ ರಸೀದಿಗಳು.
ರಸೀದಿಯ ತಟ್ಟೆ ನೆಲ ಮುಟ್ಟಿತು.
ಅಡಿಯಲ್ಲೊಂದು ಕಲ್ಲು ಕಟ್ಟಿದ್ದ. ನಾನು ನೋಡಿದ್ದೆ.
ನೈರೋಬಿ ನೋಡಲಿಲ್ಲ.

ಮೆರವಣಿಗೆಯ ದಿನ ಓಡುತ್ತ ಬಂದು ಫೋನು ಕೊಟ್ಟ,
ಶೇಕಡಾ ಏಳು ಉಳಿದಿತ್ತು. ಚೀಟಿ ನಲವತ್ತಮೂರು.
ಆಮೇಲೆ ಹೊಗೆ, ಕಣ್ಣುರಿ, ಕಿಟಕಿ ಮುಚ್ಚಿದೆ.
ಸಂಜೆಗೆ ಅವನು ಬರಲಿಲ್ಲ.
ರಸ್ತೆಯಲ್ಲಿ ಬಿದ್ದ ಒಂಟಿ ಚಪ್ಪಲಿಯ ಚಿತ್ರಕ್ಕೆ
ಯಾರೋ ಅವನ ಹೆಸರಿಟ್ಟಿದ್ದರು.

ಊರ ಬಾಯಿಗೆ ಬೀಗವಿಲ್ಲ.
ಫೋನಿಗಿತ್ತು, ನಾಲ್ಕು ಅಂಕಿಯದು.
ಒಳಗೆ ಏನು ಬಂದು ಬೀಳುತ್ತಿತ್ತೋ,
ಅದು ನಡುಗುತ್ತ ನಡುಗುತ್ತ ಹಲಗೆಯ ಅಂಚಿಗೆ ಸರಿಯುತ್ತಿತ್ತು.
ರಾತ್ರಿ ಟವೆಲಿನಲ್ಲಿ ಸುತ್ತಿ ಮಲಗಿಸಿದೆ.
ಗಿರಾಕಿಗಳ ಫೋನುಗಳಲ್ಲೆಲ್ಲ ಕಪ್ಪು ಚೌಕದೊಳಗೆ ಅವನದೇ ಮುಖ,
ಹೆಸರೇ ಕೇಳದ ಊರುಗಳವರ ಅಳು.
ಸುಂಕ ಹಾಕಿದ ಸಾಹೇಬನೂ ತನ್ನ ಮುಖ ತೆಗೆದು ಅವನದಿಟ್ಟ,
ನಮ್ಮ ಒಡೆರೊ, ಅಂದ.
ಒಂಬತ್ತನೇ ದಿನ ಸುಂಕ ವಾಪಸಾಯಿತು.
ಹೆಂಗಸರು ಕುಣಿದರು, ಕುಣಿಯುತ್ತಲೇ ಅತ್ತರು.

ಹನ್ನೊಂದನೇ ರಾತ್ರಿ ಕಿಟಕಿಯೊಳಗೆ ಒಂದು ಕೈ,
ಬೆರಳ ಸಂದಿಯಲ್ಲಿ ಅರ್ಧ ಚೀಟಿ.
ಮೀಸೆ ಬೋಳಿಸಿದ್ದ.
ಮಾತಾಡಲಿಲ್ಲ ನಾನು. ಚೀಟಿಗೆ ಚೀಟಿ ಜೋಡಿಸಿ ನೋಡಿದೆ.
ಹರಿದ ಅಂಚು ಕೂಡಿತು.

ನಿಂತಲ್ಲೇ ತೆರೆದು ಓದಿದ,
ತನ್ನ ಸಾವಿಗೆ ಬಂದವರನ್ನೆಲ್ಲ
ಹೆಬ್ಬೆರಳಿಂದ ಮೇಲಕ್ಕೆ ತಳ್ಳುತ್ತ, ತಳ್ಳುತ್ತ.
ಒಂದು ಕಡೆ ನಕ್ಕ.
ಒಂದು ಹೆಸರಿನ ಹತ್ತಿರ ತುಂಬ ಹೊತ್ತು ನಿಂತ.

"ಅವೂರ್ ಚಿಕ್ಕಮ್ಮಾ, ಬದುಕಿದ್ದೇನೆ ಅಂತ ಬರೆದರೆ
ಸುಂಕ ಮತ್ತೆ ಬರುತ್ತಾ?"

ತಕ್ಕಡಿಯ ಕಲ್ಲು ನೆನಪಾಯಿತು.
ಅದಿಲ್ಲದೆಯೂ ತಟ್ಟೆ ಒಂದಿಷ್ಟು ಇಳಿಯುತ್ತಿತ್ತೇನೋ;
ಒಂದಿಷ್ಟನ್ನು ನೋಡಲು ಯಾರು ಬರುತ್ತಿದ್ದರು?
"ಅವ್ವನಿಗಾದರೂ ಹೇಳಿದೆಯಾ?" ಅಂದೆ.
"ದ್ವೀಪದಲ್ಲಿ ಅವಳ ಹತ್ತಿರವೇ ಇದ್ದೆ.
ಅಲ್ಲಿ ಸಿಗ್ನಲ್ಲಿಲ್ಲ, ಅವಳಿಗೆ ಫೋನೂ ಇಲ್ಲ.
ಬದುಕಿದ್ದವನಿಗೆ ಹಾಕುವ ಹಾಗೆ
ಬೈಯುತ್ತ ಮೂರು ಹೊತ್ತೂ ಊಟ ಹಾಕಿದಳು."

ಬೀದಿಯ ಕೊನೆಯಲ್ಲಿ ಯಾರದೋ ಟಾರ್ಚು.
ಅವನು ಗೋಡೆಗೆ ಒತ್ತಿಕೊಂಡ.
ಹಿಂದಿನ ಗೋಡೆಯ ಮೇಲೆ ಅವನದೇ ಚಿತ್ರ ಬರೆದಿದ್ದಾರೆ,
ಹಸಿರು ಬಣ್ಣ, ಮೀಸೆ ಸ್ವಲ್ಪ ಜಾಸ್ತಿ.

"ಹನ್ನೊಂದು ದಿನಕ್ಕೆ ಇನ್ನೂರ ಇಪ್ಪತ್ತು," ಅಂದೆ,
"ಮೊದಲು ಅದನ್ನು ಕೊಡು."
ಒಂದು ಕೈಯಲ್ಲಿ ಜೇಬು ತಡಕಿದ.
ಇನ್ನೊಂದರಲ್ಲಿ ಫೋನು ನಡುಗುತ್ತಲೇ ಇತ್ತು.